ಮುಕ್ತಿನಾಥದ ಹಾದ್ಯಾಗ ನಡುಗಿದ ಗಾಡಿ

ನೇಪಾಳಕ್ಕ ಹೋಗಿ ಬಂದು ಏಳು ತಿಂಗಳಾತು. ರೋಣದಾಗ ಯಾರ ಸಿಕ್ಕರೂ ಕೇಳೂದು ಒಂದಽ ಮಾತು: "ಸಾವ್ಕಾರ್ರ, ಹಿಮಾಲಯ ಹ್ಯಾಂಗಿತ್ರಿ?" "ಚಲೋ ಇತ್ತಪ್ಪಾ" ಅಂತೀನಿ. ಅಷ್ಟಽ. ಅಂಗಡಿ ಗಾದಿ ಮ್ಯಾಲ ಕುಂತು ತಾಸುಗಟ್ಟಲೆ ಹರಟಿ ಹೊಡಿಯೂ ಮನಶ್ಯಾ ನಾ. ಈಗ ಫೋಟೋ ತೋರಸ್ರಿ ಅಂದ್ರ ಮೊಬೈಲಿಗೆ ಚಾರ್ಜ್ ಇಲ್ಲ ಅಂತ ಸುಳ್ಳು ಹೇಳತೀನಿ. ಆ ಫೋಟೋದಾಗ ನನ್ನ ಬಾಜೂಕ ನಿಂದ್ರಬೇಕಾದಾಂವ ಒಬ್ಬ ಇಲ್ಲ. ಅವನನ್ನ ಅರ್ಧ ಹಾದಿಯಿಂದ ತಿರುಗಿ ಕಳಿಸಿದಾಂವ ನಾನಽ. ಹ್ಯಾಂಗ ಕಳಿಸಿದೆ ಅನ್ನೂದನ್ನ ಹೇಳಿ ಮುಗಿಸೂಣಂತ ಬರ್ಯಾಕ ಕುಂತೀನಿ.

ರೋಣ

ನಮ್ಮ ಹೊಲ ಸವಡಿ ಸೀಮ್ಯಾಗ ಐತಿ. ಪಕ್ಕಾ ಎರಿ ಭೂಮಿ. ಒಂದು ಹದಾ ಮಳಿ ಬಿತ್ತಂದ್ರ ಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಜೀಪಿನ ಹೊಟ್ಟಿ ನೆಲಕ್ಕ ಹತ್ತತೈತಿ. ಆಮ್ಯಾಲ ಎತ್ತು ಹೂಡಿ ಎಳಸಬೇಕು. ಬಿತ್ತಾಕ ಬಂದ ಹೆಣ್ಣಮಕ್ಕಳು ಬಾಯಿಗೆ ಸೆರಗ ಹಿಡಕೊಂಡು ನಗತಿದ್ರು. ನನಗ ಸಿಟ್ಟು ನೆತ್ತಿಗೇರತಿತ್ತು. ಒಂದಿನ ಜೀಪು ಒಯ್ದು ಗಜೇಂದ್ರಗಡದ ಶರಣಪ್ಪ ಮಿಸ್ತ್ರಿ ಮುಂದ ನಿಲ್ಲಿಸಿ, "ಇದನ್ನ ಎತ್ತರಾ ಮಾಡೋ ಮಾರಾಯಾ" ಅಂದೆ.

ಶರಣಪ್ಪ ನನಗಿಂತ ಆರು ವರ್ಷ ಸಣ್ಣಾಂವ. ಇಪ್ಪತ್ತೆಂಟು ವರ್ಷದಿಂದ ನನ್ನ ಗಾಡಿ ಅವನ ಕೈಯಾಗಽ ಐತಿ. ಮಾತು ಕಮ್ಮಿ. ನನಗ ಅಣ್ಣಾರ ಅಂತಿದ್ದ. ಅಂವ ಪಾಟಾ, ಅಂದ್ರ ಗಾಲಿ ಮ್ಯಾಲಿನ ಸ್ಪ್ರಿಂಗ್ ಪಟ್ಟಿ, ಬದಲ ಮಾಡಿ ಜೀಪನ್ನ ನಾಕು ಇಂಚು ಮ್ಯಾಲ ಎತ್ತಿದ. ಎತ್ತೂದು ದೊಡ್ಡ ಕೆಲಸ ಅಲ್ಲಂತ. ಎತ್ತಿದ ಮ್ಯಾಲ ನಡುಕ ಬರದಂಗ ಮಾಡೂದಽ ಕೆಲಸ. ಇಂಜಿನ್ ಕಡಿಂದ ಹಿಂದಿನ ಗಾಲಿಗೆ ಜೋರು ಒಯ್ಯೂ ಉದ್ದನ ಕೊಳವಿ ಇರತೈತಲ್ಲ, ಜಾಯಿಂಟ್ ಶಾಫ್ಟ್, ಗಾಡಿ ಎತ್ತರಾದ್ರ ಅದು ಕಡಿದಾಗಿ ಇಳಿಜಾರ ಆಗತೈತಿ. ಎರಡೂ ತುದಿ ಹೊಂದಲಿಲ್ಲಂದ್ರ ಗಾಡಿ ಗಡಗಡ ನಡಗತೈತಿ. ಶರಣಪ್ಪ ಪಾಟಾದ ಕೆಳಗ ಕಬ್ಬಿಣದ ಬೆಣಿ ಇಟ್ಟು, ದಾರಕ್ಕ ನಟ್ಟು ಕಟ್ಟಿ ಇಳಿಬಿಟ್ಟು ಓರಿ ನೋಡಿ, ಎರಡೂ ತುದಿ ಹೊಂದಿಸಿದ. ಶಾಫ್ಟನ್ನ ಹುಬ್ಬಳ್ಳಿಗೆ ಒಯ್ದು ತೂಕ ಸರಿ ಮಾಡಿಸ್ಕೊಂಡು ಬಂದ. ಆಮ್ಯಾಲ ಮುಶಿಗೇರಿ, ಪುರ್ತಗೇರಿ, ನರಗುಂದ ಅಂತ ಸುತ್ತಲ ಊರಿನ ಇನ್ನೂ ಏಳು ಗಾಡಿ ಅಂವ ಎತ್ತರಾ ಮಾಡಿದ. ಯಾರೂ ಕಲಿಸಿದ್ದಲ್ಲ, ಸ್ವಂತ ತಲಿ ಓಡಿಸಿ ಕಲತಿದ್ದು.

ಮುಕ್ತಿನಾಥಕ್ಕ ಜೀಪಿನಾಗಽ ಹೋಗೂಣಂತ ಹುರುಪು ಎಬ್ಬಿಸಿದಾಂವ ನಾ. ಶರಣಪ್ಪ ಮಿರಜ ದಾಟಿದಾಂವಲ್ಲ. ಅವನಿಗೆ ದೇವರಕಿಂತ ಹಿಮದ ಆಸೆ. "ಫ್ರಿಜ್ಜಿನಾಗಿಂದು ಬ್ಯಾಡ್ರಿ ಅಣ್ಣಾರ, ಭೂಮಿ ಮ್ಯಾಲ ಬಿದ್ದದ್ದು ಮುಟ್ಟಬೇಕ್ರಿ" ಅಂದ. ಸ್ವಲ್ಪ ತಡದು, "ಈ ಗಾಡಿ ಹಿಮಾಲಯ ಹತ್ತಿ ಇಳೀತಂದ್ರ ನನ್ನ ಕೈ ಮ್ಯಾಲ ನನಗ ಪೂರಾ ನಂಬಿಕಿ ಬರತೈತ್ರಿ" ಅಂತನೂ ಅಂದ.

ನಮ್ಮ ಕಡೆ ಒಂದು ರೂಢಿ ಐತಿ, ಒಂದು ಗಾಡಿಗೆ ಒಂದಽ ಕೈ. ಮಿಸ್ತ್ರಿ ಬದಲ ಮಾಡಬಾರದು ಅಂತೇನಿಲ್ಲ. ಆದ್ರ ಮಾರಿ ನೋಡಿ ಹೇಳಿ ಬದಲ ಮಾಡಬೇಕು. ಹೇಳದ ಕೇಳದ ಇನ್ನೊಬ್ಬನ ಕಡೆ ಬಿಚ್ಚಿಸಿದ್ರ ಮಿಸ್ತ್ರಿ ಮಾರಿಗೆ ಉಗುಳಿದಂಗ. ಹೊರಡೂ ಮುಂಜಾನಿ ಗಾಡಿಗೆ ಕಾಯಿ ಒಡದು ಶರಣಪ್ಪ ನನಗ ಹೇಳಿದ್ದು ಒಂದಽ ಮಾತು: "ಏನಾರ ಸಪ್ಪಳಾ ಬಂದ್ರ ನನಗ ಹೇಳ್ರಿ. ಶಾಫ್ಟಿಗೆ ಮತ್ತೊಬ್ಬರ ಕೈ ಹಚ್ಚಸಬ್ಯಾಡ್ರಿ." ಹೂಂ ಅಂದೆ.

ಗೋರಖಪುರ

ಹಾದಿ ಬಗ್ಗೆ ಹೆಚ್ಚಿಗೆ ಏನ ಹೇಳ್ಲಿ, ಸೊಲ್ಲಾಪುರ ದಾಟಿದ ಮ್ಯಾಲ ರೊಟ್ಟಿ ತೆಳ್ಳಗಾದ್ವು, ನಾಗಪುರ ದಾಟಿದ ಮ್ಯಾಲ ಚಹಾ ಸಿಹಿ ಆತು. ಐದನೇ ದಿನ ಗೋರಖಪುರದಾಗ ಶರಣಪ್ಪನ ಹೊಟ್ಟಿ ಕೆಟ್ಟು ಹಾಸಿಗಿ ಹಿಡದ. ಹಾದಿ ಬದಿಯ ಸಮೋಸಾದ ಪರಾಕ್ರಮ. ಡಾಕ್ಟರ್ ಗುಳಿಗಿ ಕೊಟ್ಟು ಒಂದಿನ ಮಲಗಲಿ ಅಂದ್ರು.

ನನಗ ಸುಮ್ಮಕ ಕುಂದ್ರೂದು ಆಗೂದಿಲ್ಲ. ಹುಟ್ಟಾ ಗುಣ. ಜೀಪು ತಗೊಂಡು ಊರು ನೋಡಾಕ ಹೊಂಟೆ. ಕೆಳಗ ಎಲ್ಲೋ ಕಿರಕ್ ಕಿರಕ್ ಅಂತಿತ್ತು. ಗ್ರೀಸ್ ಒಣಗಿರಬೇಕು, ಇಷ್ಟಕ್ಕ ಹೊಟ್ಟಿ ಕೆಟ್ಟು ಮಲಗಿದಾಂವನನ್ನ ಯಾಕ ಎಬ್ಬಿಸೂದು ಅಂತ ಹಾದಿ ಮಗ್ಗಲ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮಿಸ್ತ್ರಿ, ಪುಣ್ಯಾತ್ಮ, ಗ್ರೀಸ್ ಒಳಗ ಹೋಗವಲ್ದು ಅಂತ ಶಾಫ್ಟನ್ನಽ ಬಿಚ್ಚಿದ. ಬಿಚ್ಚಿ ಸುತ್ತಿಗಿಲೆ ಬಡದ. ಬಡಿಯೂದ್ರಾಗ ಅದು ಕೈಜಾರಿ ಕಲ್ಲಿನ ಮ್ಯಾಲ ಬಿತ್ತು. ಕೊಳವಿಗೆ ಬೆಸುಗಿ ಹಾಕಿದ್ದ ಬೆಂಕಿಪೊಟ್ಟಣದಷ್ಟು ಕಬ್ಬಿಣದ ಚೂರು ಒಂದು ಟಣ್ ಅಂತ ಕಿತ್ತು ಬಂತು.

"ಏನಿದು?" ಅಂದೆ. "ಏನಿಲ್ಲ ಬಿಡ್ರಿ, ಅದು ಇದ್ರೂ ಅಷ್ಟಽ ಇಲ್ಲದಿದ್ರೂ ಅಷ್ಟಽ" ಅಂತ ಹಿಂದಿಯೊಳಗ ಹೇಳಿ, ಶಾಫ್ಟ್ ತಿರುಗಿ ಜೋಡಿಸಿ ಕೈ ಝಾಡಿಸಿದ.

ಶರಣಪ್ಪಗ ಗೊತ್ತಾದ್ರ? ಅವನ ಮುಂದ ಹೂಂ ಅಂದ ಬಾಯಿ ನಂದು. ಚೂರು ಕಿತ್ತ ಜಾಗಾ ಬೆಳ್ಳಗ ಹೊಳಿತಿತ್ತು. ಬಾಜೂ ಅಂಗಡ್ಯಾಗ ಕರೇ ಬಣ್ಣದ ಸಣ್ಣ ಡಬ್ಬಿ ತಂದು, ಐವತ್ತೊಂಬತ್ತು ವರ್ಷದ ನಾ, ನಾಕ ಮಂದಿಗೆ ಬುದ್ಧಿ ಹೇಳೂ ನಾ, ಗಾಡಿ ಕೆಳಗ ಅಂಗಾತ ಬಿದ್ದು ಆ ಜಾಗಾಕ್ಕ ಬಣ್ಣಾ ಬಳದೆ. ಚೂರನ್ನ ಗಟಾರಕ್ಕ ಒಗದೆ. ಸಂಜಿಮುಂದ ಶರಣಪ್ಪ ಗಂಜಿ ಕುಡದು ಎದ್ದು ಕುಂತು, "ಗಾಡಿ ಹ್ಯಾಂಗೈತ್ರಿ?" ಅಂತ ಕೇಳಿದ. "ಕಲ್ಲಿದ್ದಂಗ ಗಟ್ಟಿ ಐತಿ" ಅಂದೆ.

ಸುನೌಲಿ ದಾಟಿ

ಗಡಿ ಅಂದ್ರ ಏನೋ ಭಾರಿ ಇರತೈತಿ ಅಂದ್ಕೊಂಡಿದ್ದೆ. ಒಂದು ಕಮಾನು, ಎರಡೂ ಕಡೆ ಅದಽ ಬಾಳಿಹಣ್ಣಿನ ಗಾಡಿ, ಅದಽ ಧೂಳು. ಗಾಡಿ ಕಾಗದಾ ಮಾಡಿಸೂ ಕಚೇರಿಗೆ ಭನ್ಸಾರ್ ಅಂತಾರ. ಅಲ್ಲಿ ಗ್ವಾಡಿ ಗಡಿಯಾರ ನಮ್ಮದಕಿಂತ ಹದಿನೈದು ನಿಮಿಷ ಮುಂದ. ಕೆಟ್ಟೈತೇನೋ ಅಂತ ನಾ ಗುಮಾಸ್ತನಿಗೆ ಹೇಳಾಕ ಹೋದೆ. ಅಂವ ನಕ್ಕು, ನಮ್ಮ ದೇಶಾನಽ ಹದಿನೈದು ನಿಮಿಷ ಮುಂದ ಐತಿ ಅಂದ. ಶರಣಪ್ಪ ಭಾಳ ಖುಷಿಯಿಂದ ಕೈಗಡಿಯಾರ ತಿರುವಿಕೊಂಡ. "ಅಣ್ಣಾರ, ನಾವು ಖರೇನಽ ಫಾರೀನಿಗೆ ಬಂದ್ವಿ ನೋಡ್ರಿ."

ಗೋರಖಪುರದಿಂದ ಗಡಿ ತನಕ ಬರೇ ಲಾರಿ ಸಾಲು, ಮೂವತ್ತರ ಮ್ಯಾಲ ಹೊಡಿಯಾಕ ಆಗಿರಲಿಲ್ಲ. ಈಗ ಬಯಲು ಹಾದಿ ಸಿಕ್ಕಿತು, ಜೋರು ಹೊಡದೆ. ಗಾಡಿ ಐವತ್ತು ದಾಟಿದ ಕೂಡಲೇ ನಡುಕ ಸುರು ಆತು. ಸೀಟು, ಗೇರಿನ ಕೋಲು, ಡಬ್ಬ್ಯಾಗಿನ ಚುರಮರಿ ಎಲ್ಲಾ ಗಡಗಡ. ನಿಧಾನ ಮಾಡಿದ್ರ ಇಲ್ಲ. ಶರಣಪ್ಪನ ನಗಿ ಆರಿತು. ಇಳದು ಕೆಳಗ ಹೊಕ್ಕು ಎಲ್ಲಾ ಕೈಯಾಡಿಸಿ ನೋಡಿದ. ಅಷ್ಟೊತ್ತಿಗೆ ಹಾದಿ ಕೆಸರು ಶಾಫ್ಟಿಗೆ ಹತ್ತಿತ್ತು, ನನ್ನ ಬಣ್ಣಾ ಯಾರಿಗೂ ಕಾಣೂವಂಗ ಇರಲಿಲ್ಲ. ಹೊರಗ ಬಂದು ಕೇಳಿದ.

"ಅಣ್ಣಾರ, ಇದನ್ನ ಯಾರಾರ ಮುಟ್ಟ್ಯಾರೇನ್ರಿ?"

"ಯಾರ ಮುಟ್ಟತಾರೋ? ನಿನ್ನ ಬಿಟ್ಟು ಯಾರ ಕೈ ಹಚ್ಚಾಕ ಕೊಟ್ಟೀನಿ ನಾ?" ಅಂತ ಮ್ಯಾಲ ದನಿ ಏರಿಸಿದೆ. ಕಳ್ಳಗ ದನಿ ಜೋರು ಇರತೈತಿ. ಅಂವ ನನ್ನ ಮಾತು ನಂಬಿದ.

ಪೋಖರಾ, ಮೂರು ದಿನ

"ಈ ನಡುಕ ಇಟಗೊಂಡು ಗುಡ್ಡ ಹತ್ತೂದು ಬ್ಯಾಡ್ರಿ. ಜಾಯಿಂಟ್ ಕಿತ್ತು ಶಾಫ್ಟ್ ಕೆಳಗ ಬಿತ್ತಂದ್ರ ಗಾಡಿ ಕಮರಿಗೆ ಹೋಗತೈತಿ" ಅಂದ ಶರಣಪ್ಪ. ನಿಧಾನ ಹೊಡಕೋತ ಪೋಖರಾ ಮುಟ್ಟಿದ್ವಿ, ಅಲ್ಲಿ ನಾವು ಇಳಕೊಂಡ ಮನಿ ಅಂಗಳದಾಗಽ ಕೆಲಸ ಸುರು ಮಾಡಿದ.

ಮನಿ ಯಜಮಾನತಿನ್ನ ಎಲ್ಲಾರೂ ದಿದಿ, ಅಂದ್ರ ಅಕ್ಕಾ, ಅಂತಿದ್ರು. ಅಲ್ಲಿ ಊಟಂದ್ರ ಬ್ಯಾಳಿ ಅನ್ನ. ತಾಟು ಖಾಲಿ ಆಗಾಕ ಬಿಡೂದಿಲ್ಲ. ಬ್ಯಾಡ ಅಂದ್ರೂ ಬಡಸತಾರ. ನಮ್ಮ ಕಡೆ ಬೀಗರಿಗೆ ಬಡಿಸಿದಂಗ, ಆದ್ರ ಇಲ್ಲಿ ಗುರುತಿಲ್ಲದ ಲಾರಿ ಡ್ರೈವರಿಗೂ ಅದಽ ಉಪಚಾರ. ಶರಣಪ್ಪ ಎಣ್ಣಿ ಕೈ ಸಾಬಣ ಹಚ್ಚಿ ತೊಳಕೊಂಡ ಬಂದ್ರೂ ಉಗುರು ಕರ್ರಗಽ. ಆಕಿ ಬಿಸಿನೀರು ಕಾಸಿ ಕೊಡತಿದ್ಲು. ನನಗ ಒಂದು ಕುರ್ಚಿ ಹಾಕಿ ಕೊಟ್ಟಿದ್ಲು.

ಮೊದಲನೇ ದಿನ ಶರಣಪ್ಪ ಶಾಫ್ಟಿನ ತುದಿಗಿರೂ ಜಾಯಿಂಟಿನ ಕ್ರಾಸ್, ಗುಣಿಸು ಗುರ್ತಿನಂಥಾ ಕಬ್ಬಿಣ, ಹೊಸಾವು ಹಾಕಿದ. ಓಡಿಸಿ ನೋಡಿದ್ವಿ, ನಡುಕ ಹಂಗಽ ಐತಿ. ಎರಡನೇ ದಿನ ಗಾಲಿ ಹಿಂದುಮುಂದ ಮಾಡಿದ. ಹಂಗಽ ಐತಿ. "ಹುಬ್ಬಳ್ಳ್ಯಾಗ ಶಾಫ್ಟಿನ ತೂಕ ಸರಿ ಮಾಡಿಸೀನಿ, ಯಾರೂ ಮುಟ್ಟಿಲ್ಲ, ಅದರಾಗ ದೋಷ ಇರಾಕ ಸಾಧ್ಯ ಇಲ್ಲ" ಅಂತ ತನಗ ತಾನಽ ಮಾತಾಡಕೊಂಡ. "ಹಂಗಾದ್ರ ನನ್ನ ಬೆಣೀನಽ ತಪ್ಪು." ಮೂರನೇ ದಿನ ತನ್ನ ಬೆಣಿ ತಾನಽ ಕಿತ್ತಿದ. ಲೇತ್ ಮಶೀನಿನವನ ಕಡೆ ತೆಳ್ಳನವು ಮಾಡಿಸಿ ಹಾಕಿದ. ನಡುಕ ಇನ್ನೂ ಹೆಚ್ಚಾತು. ಮತ್ತ ಕಿತ್ತು ಹಳೇವು ಹಾಕಿದ. ಬೆರಳ ಗೆಣ್ಣು ಸುಲದು ರಗತ ಬಂದಿತ್ತು.

ನಾ ಏನ ಮಾಡಾಕತ್ತಿದ್ದೆ? ಕುರ್ಚಿ ಮ್ಯಾಲ ಕುಂತು, "ಏನರ ಸಿಕ್ತೇನೋ ಶರಣಪ್ಪಾ?" ಅಂತ ಕೇಳತಿದ್ದೆ. ಹತ್ತು ಸಲ ಬಾಯಿ ತುದಿಗೆ ಬಂತು. ಹೇಳಿದ್ರ ಅರ್ಧ ತಾಸಿನ ಕೆಲಸ. ಇಷ್ಟು ದಿನ ಯಾಕ ಹೇಳಲಿಲ್ಲ ಅಂತ ಅಂವ ಕೇಳಿದ್ರ? ಮೊದಲನೇ ದಿನ ಹೇಳೂದು ಕಠಿಣ ಇತ್ತು, ಎರಡನೇ ದಿನ ಎರಡರಷ್ಟಾತು. ಹಿಮಾಲಯ ನೋಡೂಣಂದ್ರ ಮೂರೂ ದಿನ ಮಾಡಾ ಕವಿದು ಒಂದು ಶಿಖರಾನೂ ಕಾಣಲಿಲ್ಲ. ನನ್ನ ಸಿಟ್ಟೆಲ್ಲಾ ಅವನ ಮ್ಯಾಲ ತಿರುಗಿತು. ತಪ್ಪು ನಂದಿದ್ದಾಗ ನನಗ ಸಿಟ್ಟು ಹೆಚ್ಚು ಬರತೈತಿ. ನಮ್ಮಾಕಿ ಮೂವತ್ತು ವರ್ಷದಿಂದ ಇದನ್ನ ಹೇಳಕೋತ ಬಂದಾಳ.

ಮೂರನೇ ದಿನ ಸಂಜಿಮುಂದ, ದಿದಿ, ಲೇತಿನವ, ಎರಡ ಮೂರು ಲಾರಿ ಡ್ರೈವರ್ ನಿಂತಿರಬೇಕಾದ್ರ, ಒದರಿದೆ. "ನಿನ್ನ ಎತ್ತರದ ಗಾಡಿ ನಂಬಿ ದೇಶಾ ಬಿಟ್ಟು ಬಂದೆ ನೋಡು, ನನ್ನ ಬುದ್ಧಿಗೆ ಹೊಡೀಬೇಕು! ಕೆಲಸ ಬರೂದಿಲ್ಲಂದ್ರ ಬರೂದಿಲ್ಲ ಅನ್ನಬೇಕಿತ್ತು!"

ಅವರಿಗೆ ಕನ್ನಡ ತಿಳಿಯೂದಿಲ್ಲ. ಆದ್ರ ಬೈಗಳ ತಿಳೀತಾವ. ಎಲ್ಲಾರೂ ನೆಲಾ ನೋಡಿದ್ರು. ಶರಣಪ್ಪ ಕೈ ಒರಸಕೋತ ಎದ್ದ. ಸಿಟ್ಟಿಲ್ಲ, ಏನಿಲ್ಲ.

"ಖರೇ ಐತ್ರಿ ಅಣ್ಣಾರ. ನನ್ನ ಕೈಯಾಗ ತಪ್ಪೈತಿ. ಇಲ್ಲೇ ಯಾರಾರ ಚಲೋ ಮಿಸ್ತ್ರಿ ನೋಡಿ ತೋರಸ್ರಿ. ಮತ್ತೊಬ್ಬರು ಬಿಚ್ಚಬೇಕಾದ್ರ ನಾ ನಿಂತು ನೋಡಬಾರದು. ನಾ ಊರಿಗೆ ಹೋಗತೀನಿ." ಹೋಗಬ್ಯಾಡ ಅಂತ ನನ್ನ ಬಾಯಿಂದ ಬರಲಿಲ್ಲ. ಹೋದ್ರ ಪೀಡಾ ಕಳೀತು, ಇನ್ನ ಹುಡುಕಾವ್ರಿಲ್ಲ ಅಂತ ಒಳಗ ಎಲ್ಲೋ ಹಗರ ಅನಿಸಿತು. ಅದನ್ನ ನೆನಸಿದ್ರ ಇವತ್ತಿಗೂ ನನ್ನ ಮ್ಯಾಲ ನನಗ ಹೇಸಿಕಿ ಬರತೈತಿ.

ಪೋಖರಾ, ನಾಕನೇ ದಿನ

ಮುಂಜಾನಿ ಆರಕ್ಕ ಸುನೌಲಿ ಬಸ್ಸಿಗೆ ಹತ್ತಿದ. ದಿದಿ ಒಂದು ಪೊಟ್ಟಣದಾಗ ರೊಟ್ಟಿ ಕಟ್ಟಿ ಕೊಟ್ಟಳು. ನನ್ನ ಮಾರಿ ನೋಡಲಿಲ್ಲ ಆಕಿ. ಎಂಟು ಗಂಟೆಕ್ಕ ಮಾಡಾ ಸರದು ಇಡೀ ಹಿಮದ ಸಾಲು ಮುಂದ ಬಂದು ನಿಂತಿತು. ನರಗುಂದ ಗುಡ್ಡಾನಽ ದೊಡ್ಡದು ಅಂದ್ಕೊಂಡು ಬೆಳದಾಂವ ನಾ. ಕತ್ತು ಎಷ್ಟು ಎತ್ತಿದ್ರೂ ತುದಿ ಮ್ಯಾಲಽ ಐತಿ. ಬೆಳ್ಳಗ, ತೊಳದಿಟ್ಟಂಗ. ಎರಡು ತಾಸು ತಡದಿದ್ರ ಶರಣಪ್ಪ ನೋಡತಿದ್ದ. ಛೇ ಅಂತ ಅಂಗಳದಾಗ ಒಬ್ಬನಽ ನಿಂತು ಅತ್ತೆ. ಅತ್ತದ್ದಕ್ಕ ಬಸ್ಸೇನು ತಿರುಗಿ ಬರೂದಿಲ್ಲ.

ದಿದಿ ಹೇಳಿದ ವಿಳಾಸಕ್ಕ ಗಾಡಿ ಒಯ್ದೆ. ಗುರುಂಗ್ ಅಂತ ಒಬ್ಬ ಅಜ್ಜ. ನಮ್ಮ ದೇಶದ ಫೌಜಿನ್ಯಾಗ ಲಾರಿ ರಿಪೇರಿ ಮಾಡಿ ರಿಟೈರ್ ಆದಾಂವ, ಹಿಂದಿ ಚಲೋ ಬರತಿತ್ತು. ಗಾಡಿ ನಡಗಿದ್ದನ್ನ ಹತ್ತು ನಿಮಿಷ ಕುಂತು ಅನುಭವಿಸಿ, ಇಳದು, ಮೊದಲನೇ ಮಾತಿಗೆ ಕೇಳಿದ: "ಈ ಶಾಫ್ಟನ್ನ ಕಡೀಕ ಬಿಚ್ಚಿದಾಂವ ಯಾರು?"

ಹೇಳಿಬಿಟ್ಟೆ. ಗೋರಖಪುರ, ಸುತ್ತಿಗಿ, ಚೂರು, ಬಣ್ಣಾ ಎಲ್ಲಾ. ಗುರುತಿಲ್ಲದಾವನ ಮುಂದ ಖರೇ ಹೇಳೂದು ಇಷ್ಟು ಸಲೀಸು ಅಂತ ನನಗ ಗೊತ್ತಿರಲಿಲ್ಲ. ಅಂವ ಡೀಸೆಲ್ ಅರಬಿಲೆ ಕೆಸರು ಒರಸಿ, ತಂತಿ ಬ್ರಷ್‌ಲೆ ನನ್ನ ಬಣ್ಣಾ ತಿಕ್ಕಿ ತಗದ. ಬೆಸುಗಿ ಕಿತ್ತ ಕಲೆ ಕಾಣಿಸಿತು.

"ಇದು ತೂಕದ ಚೂರು. ಶಾಫ್ಟ್ ತಿರಗಬೇಕಾದ್ರ ಒಂದು ಮಗ್ಗಲ ಭಾರ ಆಗಬಾರದಂತ ಹಚ್ಚಿರತಾರ" ಅಂದ. ಆಮ್ಯಾಲ ಮಾಡಿದ್ದು ನೋಡಿ ನಾ ಬೆರಗಾದೆ. ರಬ್ಬರ್ ಪೈಪ್ ಬಿಗಿಯೂ ತಗಡಿನ ಕ್ಲಿಪ್ ಎರಡು ತಂದು ಶಾಫ್ಟಿಗೆ ಸುತ್ತಿ ಬಿಗದ. ಓಡಿಸಿ ನೋಡೂದು, ಕ್ಲಿಪ್ಪಿನ ತಲಿ ಒಂದೀಟು ತಿರುವೂದು, ಖಡೂಲೆ ಗುರುತು ಹಾಕೂದು, ಮತ್ತ ಓಡಿಸೂದು. ಆರನೇ ಸಲಕ್ಕ ಐವತ್ತು, ಅರವತ್ತು, ಎಪ್ಪತ್ತು ದಾಟಿದೆ. ಗಾಡಿ ನೀರಿನ ಮ್ಯಾಲ ತೇಲಿದಂಗ ಹೋತು.

ಅಜ್ಜ ಮತ್ತೊಮ್ಮಿ ಕೆಳಗ ಹೊಕ್ಕು ಬೆಣಿ ನೋಡಿದ. ಅವನೂ ದಾರಕ್ಕ ನಟ್ಟು ಕಟ್ಟಿ ಇಳಿಬಿಟ್ಟು ಓರಿ ಅಳದ. "ಇದನ್ನ ಎತ್ತರಾ ಮಾಡಿದಾಂವ ಯಾರು? ಇಷ್ಟು ಅಚ್ಚುಕಟ್ಟ ಹೊಂದಿಸಿದ್ದು ನಾ ಇಲ್ಲಿ ನೋಡಿಲ್ಲ. ಅಂವ ಎಲ್ಲಿದ್ದಾನ?"

"ಮುಂಜಾನಿ ಬಸ್ಸಿಗೆ ಹೋದನ್ರಿ" ಅಂದೆ.

ಅಜ್ಜ ನನ್ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ.

ಮುಕ್ತಿನಾಥ

ಪೋಖರಾದಾಗ ಕೊಂಡ ಸಿಮ್ಮಿನಿಂದ ಶರಣಪ್ಪಗ ಫೋನ್ ಹಚ್ಚಿದೆ, ಅವನ ಸಿಮ್ಮು ನೇಪಾಳದಾಗ ನಡಿತಿರಲಿಲ್ಲ. ತಿರುಗಿ ಹೋಗಬೇಕಿತ್ತು ನಾ, ಗಡಿ ತನಕ ಬೆನ್ನ ಹತ್ತಬೇಕಿತ್ತು. ಬಂದದ್ದು ಬಂದೀನಿ ದೇವರ ದರ್ಶನ ಮುಗಿಸಿಬಿಡೂಣಂತ ಮ್ಯಾಲ ಹತ್ತಿದೆ. ಹಾದಿ ಅಂದ್ರ ಹಾದಿ ಅಲ್ಲ, ನದಿ ದಂಡಿ ಕಲ್ಲು. ಒಂದು ಕಡೆ ಗುಡ್ಡ ಜರದು ಎರಡು ತಾಸು ನಿಂದ್ರಬೇಕಾತು. ನಮ್ಮಲ್ಲಿ ಆಗಿದ್ರ ಹಾರ್ನು, ಜಗಳ. ಅಲ್ಲಿ ಮಂದಿ ಇಳದು ಕಲ್ಲಿನ ಮ್ಯಾಲ ಇಸ್ಪೀಟ್ ಹಾಕಿದ್ರು, ಒಬ್ಬಾಕಿ ಸ್ಟೋವ್ ಹಚ್ಚಿ ಎಲ್ಲಾರಿಗೂ ಚಹಾ ಮಾಡಿದ್ಲು. ಜೋಮ್‌ಸೋಮ್ ದಾಟಿದ ಮ್ಯಾಲ ಗಿಡಾ ಮಾಯ, ಬರೇ ಗಾಳಿ. ಗಜೇಂದ್ರಗಡ ಗುಡ್ಡದ ಮ್ಯಾಲಿನ ಕರೆಂಟ್ ಮಾಡೂ ಗಾಳಿ ಫಂಕಾ ಇಲ್ಲಿ ನಿಲ್ಲಿಸಿದ್ರ ಕಿತ್ಕೊಂಡು ಹೋಗತಾವ ಅಂತ ಹೇಳಾಕ ಬಾಜೂಕ ತಿರುಗಿದೆ. ಸೀಟು ಖಾಲಿ ಇತ್ತು. ಕಾಗಬೇನಿಯೊಳಗ ಒಂಥರಾ ಕರೇ ಹಿಟ್ಟಿನ ರೊಟ್ಟಿ ಕೊಟ್ರು, ಥೇಟ್ ನಮ್ಮ ಸಜ್ಜಿ ರೊಟ್ಟಿ. ಅದನ್ನೂ ಒಬ್ಬನಽ ತಿಂದೆ.

ಗುಡಿ ಹಿಂದ ನೂರಾಎಂಟು ನೀರಿನ ಬಾಯಿ ಅದಾವ, ಒಂದೊಂದೂ ಎತ್ತಿನ ಮಾರಿ. ಎಲ್ಲಾದರ ಕೆಳಗೂ ಓಡಿಕೋತ ತಲಿ ಕೊಡಬೇಕು. ಪಾಪ ತೊಳೀತಾವಂತ. ಕೊಟ್ಟೆ. ಹಲ್ಲು ಕಟಕಟ ಅಂದ್ವು. ಪಾಪ ಇಳಿದಂಗೇನೂ ಅನಿಸಲಿಲ್ಲ, ಥಂಡಿ ಹತ್ತಿತು ಅಷ್ಟಽ. ಹೊರಗ ಮೆಟ್ಟಲ ಮಗ್ಗಲಕ್ಕ ಹಿಮಾ ಬಿದ್ದಿತ್ತು. ಮುಟ್ಟಲಿಲ್ಲ ನಾ, ಮನಸ ಆಗಲಿಲ್ಲ.

ಇಳದು ಬರೂಮುಂದ ಜೋಮ್‌ಸೋಮಿನಿಂದ ಮತ್ತ ಫೋನ್ ಹಚ್ಚಿದೆ. ಈ ಸಲ ಹತ್ತಿತು, ಅಂವ ಗಡಿ ದಾಟಿ ರೈಲಿನಾಗ ಇದ್ದ. "ಗಾಡಿ ಹ್ಯಾಂಗೈತ್ರಿ ಅಣ್ಣಾರ?" ಅಂದ.

"ಚಲೋ ಆತು."

"ಏನಾಗಿತ್ತಂತ್ರಿ?"

ಆಗ ಹೇಳಬೇಕಿತ್ತು. "ಏನೋ ಮಾಡ್ಯಾರಪ್ಪಾ ಇಲ್ಲೆ, ನನಗೇನ ತಿಳೀತೈತಿ" ಅಂದೆ. ಅಂವ "ಒಟ್ಟು ಚಲೋ ಆತಲ್ರಿ, ಹುಷಾರಲೆ ಬರ್ರಿ" ಅಂತ ಫೋನ್ ಇಟ್ಟ.

ಗಜೇಂದ್ರಗಡ

ಊರಿಗೆ ಬಂದು ನಾಳೆ ಹೇಳೂಣ, ಅಮಾಸಿ ಮುಗೀಲಿ ಅಂತ ಎರಡು ತಿಂಗಳ ದೂಡಿದೆ. ಒಂದಿನ ನರಗುಂದದ ಉಳ್ಳಾಗಡ್ಡಿ ವ್ಯಾಪಾರಿ ಒಬ್ಬರು ಅಂಗಡಿಗೆ ಬಂದಿದ್ರು. ಅವರ ಜೀಪೂ ಶರಣಪ್ಪನಽ ಎತ್ತರಾ ಮಾಡಿದ್ದು. ಹೊರಗ ನೋಡಿದ್ರ ಗಾಡಿ ಗಿಡ್ಡಾಗಿತ್ತು.

"ನಿಮ್ಮ ಮಿಸ್ತ್ರಿ ತಾನಽ ಫೋನ್ ಮಾಡಿ ಕರದು ಇಳಿಸ್ಯಾನ್ರಿ ಸಾವ್ಕಾರ್ರ. ಬ್ಯಾಡಂದ್ರೂ ಕೇಳಲಿಲ್ಲ. ನನ್ನ ಕೆಲಸದಾಗ ತಪ್ಪೈತಿ, ನೇಪಾಳದಾಗ ಗೊತ್ತಾತು, ನಾಳೆ ನಿಮ್ಮ ಮಕ್ಕಳು ಮರಿಗೆ ಏನಾರ ಆದ್ರ ನಾ ತಡಕೊಳ್ಳೂದಿಲ್ಲ ಅಂದ. ಏಳೂ ಗಾಡಿ ಹಂಗಽ ಕರದು ಇಳಸಾಕತ್ತ್ಯಾನ."

ಗಾದಿ ಬಿಟ್ಟು ಎದ್ದೆ. ಜೀಪು ಹೊಡಕೊಂಡು ಸೀದಾ ಗಜೇಂದ್ರಗಡಕ್ಕ ಹೋದೆ. ಶರಣಪ್ಪ ಪುರ್ತಗೇರಿಯವರ ಗಾಡಿ ಕೆಳಗಿದ್ದ. ಅದು ಏಳನೇದು, ಕಡೀದು. ನನ್ನ ದನಿ ಕೇಳಿ ಹೊರಗ ಬಂದ. ನಿಂತಽ ಎಲ್ಲಾ ಹೇಳಿದೆ, ಒಂದೂ ಮುಚ್ಚಿಡಲಿಲ್ಲ. ಗುರುಂಗ್ ಅಜ್ಜ ಬೆಣಿ ನೋಡಿ ಹೇಳಿದ್ದನ್ನೂ ಹೇಳಿದೆ. ನನ್ನ ತಪ್ಪಾತೋ ಶರಣಪ್ಪಾ ಅಂತ ಕೈ ಮುಗದೆ. ಅಂವ ಲಗೂನ ನನ್ನ ಕೈ ಹಿಡದು ಕೆಳಗ ಇಳಿಸಿದ. ಹಿರ್ಯಾರು ಕೈ ಮುಗೀಬಾರದಂತ.

ಅರಬಿ ತಗೊಂಡು ಕೈ ಒರಸಕೊಂಡ. ಆಮ್ಯಾಲ ಅಂದ, "ಗೋರಖಪುರದಾಗ ಬಿಚ್ಚಿಸಿದ್ದಕ್ಕ ನನಗೇನಿಲ್ರಿ. ಬಣ್ಣಾ ಹಚ್ಚಿದ್ದಕ್ಕೂ ಏನಿಲ್ಲ, ಅಂಜಿದ್ರಿ ಹಚ್ಚಿದ್ರಿ. ಆದ್ರ ಮೂರು ದಿನ ನಾ ಗಾಡಿ ಕೆಳಗ ಬಿದ್ದಿದ್ದೆ. ನೀವು ಬಾಜೂಕಽ ಕುಂತು, ಏನರ ಸಿಕ್ತೇನೋ ಅಂತ ಕೇಳತಿದ್ರಲ್ರಿ."

ಚಹಾ ತರಿಸಿದ, ಕುಡದ್ವಿ. ಏಳೂಮುಂದ ಕೇಳಿದೆ, "ಇನ್ನ ಮ್ಯಾಲ ನನ್ನ ಗಾಡಿ ನಿನ್ನ ಕಡೆ ತರಬೇಕೋ ಬ್ಯಾಡೋ?"

"ತರ್ರಿ. ಒಲ್ಲೆ ಅನ್ನೂದಿಲ್ಲ, ಮಾಡಿ ಕೊಡತೀನಿ" ಅಂದ. "ಆದ್ರ ನಾ ಕೆಳಗ ಇದ್ದಾಗ ನೀವು ಇಲ್ಲೆ ಕುಂದ್ರಬ್ಯಾಡ್ರಿ. ಗಾಡಿ ಬಿಟ್ಟು ಮನಿಗೆ ಹೋಗಿಬಿಡ್ರಿ."

ಅದಾದ ಮ್ಯಾಲ ಎರಡು ಸಲ ಗಾಡಿ ಒಯ್ದೀನಿ. ಕೀಲಿ ಅವನ ಕೈಯಾಗ ಕೊಟ್ಟು, ಸ್ಟ್ಯಾಂಡಿಗೆ ನಡಕೋತ ಹೋಗಿ ರೋಣದ ಬಸ್ಸಿಗೆ ಕುಂದ್ರತೀನಿ.